ಒಂದೇ ಪುಸ್ತಕ, ಇಡೀ ಮನೆ: ಫ್ಯಾಂಟಸಿ ಸರಣಿಯನ್ನು ಮನೆಮಂದಿಯೆಲ್ಲ ಕೂಡಿ ಓದಲು ಸಮಗ್ರ ಮಾರ್ಗದರ್ಶಿ

ರಾತ್ರಿ ಒಂಬತ್ತಾಯಿತೆಂದರೆ ನಮ್ಮ ಮನೆಯ ನಾಲ್ಕೂ ಜನ ಒಂದೇ ಮಂಚದ ಮೇಲಿರುತ್ತೇವೆ. ಹದಿಮೂರು ವರ್ಷದ ಮಗಳು, ಒಂಬತ್ತು ವರ್ಷದ ಮಗ, ಅವರಪ್ಪ, ಕೈಯಲ್ಲಿ ಪುಸ್ತಕ ಹಿಡಿದ ನಾನು. ಮೂರು ವರ್ಷಗಳಲ್ಲಿ ಎರಡು ದೊಡ್ಡ ಸರಣಿಗಳನ್ನು ಹೀಗೆ ಮುಗಿಸಿದ್ದೇವೆ, ಮೂರನೆಯದು ನಡೆಯುತ್ತಿದೆ. ಈ ಮೂರು ವರ್ಷಗಳಲ್ಲಿ ನನಗೆ ಮನದಟ್ಟಾದದ್ದು ಒಂದೇ ಸಂಗತಿ. ಮುಂದೇನಾಗುತ್ತದೋ ಎಂದು ಎಲ್ಲರೂ ಒಟ್ಟಿಗೆ ಕಾಯುತ್ತೇವಲ್ಲ, ಕೂಡಿ ಓದುವುದರ ರುಚಿಯೆಲ್ಲ ಅಲ್ಲೇ ಇದೆ. ಮಾರನೆಯ ದಿನ ಹಲ್ಲುಜ್ಜುವಾಗ, ಚಪ್ಪಲಿ ಹಾಕಿಕೊಳ್ಳುವಾಗ "ಆ ಬಾಗಿಲ ಹಿಂದೆ ಯಾರಿರಬಹುದು?" ಎಂದು ಶುರುವಾಗುವ ಮಾತಿಗಾಗಿಯೇ ನಾನು ಓದುತ್ತೇನೆ. ಮುಂದೆ ಬರೆದಿರುವುದೆಲ್ಲ ಆ ಕಾಯುವಿಕೆ ಕೆಡದಂತೆ ನೋಡಿಕೊಳ್ಳುವ ದಾರಿಗಳು.

1. ಸರಣಿಯನ್ನು ಆರಿಸುವುದು

ಮಗುವಿಗೆ ಸ್ವಂತವಾಗಿ ಓದಲು ಬರುವ ಮಟ್ಟವನ್ನು ನೋಡಿ ಪುಸ್ತಕ ಆರಿಸಬೇಡಿ. ಮಕ್ಕಳಿಗೆ ಓದಿ ತಿಳಿಯುವುದಕ್ಕಿಂತ ಕೇಳಿ ತಿಳಿಯುವುದು ಬಹಳ ಮೊದಲೇ ಕೈಗೂಡುತ್ತದೆ. ಅಕ್ಷರ ಕೂಡಿಸಿ ಓದುವ ಆರು ವರ್ಷದ ಮಗು ಮುನ್ನೂರು ಪುಟದ ಕಥೆಯನ್ನು ಕಣ್ಣರಳಿಸಿಕೊಂಡು ಕೇಳಬಲ್ಲದು. ಆದ್ದರಿಂದ ಮನೆಯ ಅತಿ ಚಿಕ್ಕ ಕೇಳುಗ ಎಷ್ಟು ಹೊತ್ತು ಕೂರಬಲ್ಲ, ಎಷ್ಟು ಭಯ ತಡೆಯಬಲ್ಲ ಎನ್ನುವುದನ್ನು ಅಳತೆಯಾಗಿ ಇಟ್ಟುಕೊಳ್ಳಿ.

ದೊಡ್ಡವರಲ್ಲಿ ಒಬ್ಬರಾದರೂ ಮೊದಲ ಸಂಪುಟವನ್ನು ಮುಂಚೆಯೇ ಓದಿರಬೇಕು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಭಯವಿದೆ, ಯಾವ ಪುಟವನ್ನು ಹಾರಿಸಬಹುದು ಎಂದು ಅವರಿಗೆ ಗೊತ್ತಿರುತ್ತದೆ. ನಿಮಗೆ ಚಿಕ್ಕಂದಿನಿಂದ ಪ್ರಾಣವಾಗಿರುವ ಸರಣಿಯೇ ಆದರೆ ಮಾತ್ರ ಸ್ವಲ್ಪ ಎಚ್ಚರ ಬೇಕು. ನಾನು ಹುಡುಗಿಯಾಗಿದ್ದಾಗ ಮೂರು ಸಲ ಓದಿದ್ದ ಪುಸ್ತಕವನ್ನು ಮೊದಲು ತೆಗೆದೆ. ಎರಡನೇ ಅಧ್ಯಾಯಕ್ಕೇ ಮಗ ಗೋಡೆ ಕಡೆ ತಿರುಗಿ ಮಲಗಿದ. ನನಗೆ ನೋವಾಯಿತು, ಆದರೂ ಪುಸ್ತಕವನ್ನು ಮತ್ತೆ ಕಪಾಟಿಗೆ ಇಟ್ಟೆ. ಆಮೇಲಿಂದ ನಮ್ಮಲ್ಲಿ ಮೂರು ಅಧ್ಯಾಯದ ನಿಯಮ ಬಂತು: ಮೂರು ಅಧ್ಯಾಯ ಎಲ್ಲರೂ ಕೇಳಬೇಕು, ನಂತರ ಯಾರಾದರೊಬ್ಬರು ಬೇಡವೆಂದರೂ ಆ ಸರಣಿ ಸದ್ಯಕ್ಕೆ ಬೇಡ.

ಕೆಲವು ಸರಣಿಗಳು ಓದುಗರ ಜೊತೆ ಬೆಳೆಯುತ್ತವೆ. ಹ್ಯಾರಿ ಪಾಟರ್‌ನ ಏಳು ಸಂಪುಟಗಳು 1997ರಿಂದ 2007ರವರೆಗೆ, ಹತ್ತು ವರ್ಷಗಳಲ್ಲಿ ಬಂದವು. ಮೊದಲ ಪುಸ್ತಕದಲ್ಲಿ ಹನ್ನೊಂದು ತುಂಬುವ ಹುಡುಗನಿಗೆ ಕೊನೆಯದರಲ್ಲಿ ಹದಿನೇಳು. ಅಂದಿನ ಮಕ್ಕಳು ಪುಸ್ತಕ ಬರುವುದನ್ನು ಕಾಯುತ್ತಾ ತಾವೂ ಬೆಳೆದರು. ಇಂದಿನ ಮಗುವಿಗೆ ಏಳೂ ಪುಸ್ತಕ ಒಂದೇ ದಿನ ಕೈಗೆ ಸಿಗುತ್ತವೆ. ಏಳು ವರ್ಷದ ಮಗುವಿಗೆ ಮೊದಲ ಸಂಪುಟ ಹಿಡಿಸಿತೆಂದು ಓದುತ್ತಲೇ ಹೋದರೆ, ನಾಲ್ಕನೆಯದರ ಕೊನೆಗೆ ಬರುವಷ್ಟರಲ್ಲಿ ಕಥೆ ಮಗುವಿಗಿಂತ ತುಂಬಾ ದೊಡ್ಡದಾಗಿರುತ್ತದೆ. ನಾನಾದರೆ ಮೊದಲ ಮೂರನ್ನು ಓದಿ ಒಂದು ವರ್ಷ ಬಿಡುತ್ತೇನೆ. ಆ ವರ್ಷ ಬೇರೆ ಪುಸ್ತಕ ಓದಿದರಾಯಿತು.

2. ಯಾವುದು ಮೊದಲು, ಯಾವುದು ಆಮೇಲೆ

ಪುಸ್ತಕದ ಬೆನ್ನಿನ ಮೇಲಿರುವ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ನಾರ್ನಿಯಾ ಸರಣಿಯ ಏಳು ಪುಸ್ತಕಗಳು 1950ರಿಂದ 1956ರ ನಡುವೆ ಬಂದವು. ಮೊದಲು ಬಂದದ್ದು 'ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್'. 1955ರಲ್ಲಿ ಆರನೆಯದಾಗಿ ಬಂದ 'ದಿ ಮೆಜಿಷಿಯನ್ಸ್ ನೆಫ್ಯೂ' ನಾರ್ನಿಯಾ ಎಂಬ ಆ ಮಾಯಾಲೋಕ ಹುಟ್ಟಿದ ಕಥೆ. ಹಾಗಾಗಿ ಈಚಿನ ಮುದ್ರಣಗಳಲ್ಲಿ ಅದಕ್ಕೇ 1 ಎಂದು ಅಂಕಿ ಹಾಕಿರುತ್ತಾರೆ. ಯಾವ ಕ್ರಮ ಸರಿ ಎಂದು ಒಬ್ಬ ಹುಡುಗನಿಗೂ ಅವನ ತಾಯಿಗೂ ವಾದವಾಗಿ, ಅದು ಲೇಖಕರಾದ ಸಿ. ಎಸ್. ಲೂಯಿಸ್ ಅವರವರೆಗೂ ಹೋಗಿತ್ತು. 1957ರಲ್ಲಿ ಅವರು ಹುಡುಗನಿಗೆ ಉತ್ತರ ಬರೆದು, ಕಥೆ ನಡೆದ ಕಾಲಕ್ರಮದಲ್ಲೇ ಓದಬೇಕೆನ್ನುವ ಅವನ ಪಕ್ಷ ವಹಿಸಿದರು. ಜೊತೆಗೆ, ಯಾವ ಕ್ರಮದಲ್ಲಿ ಓದಿದರೂ ಬಹುಶಃ ಅಂಥ ವ್ಯತ್ಯಾಸವಿಲ್ಲ ಎಂದೂ ಸೇರಿಸಿದರು.

ಲೇಖಕರೇ ಹಾಗೆಂದರೂ ನಾನು, ಪ್ರಕಟವಾದ ಕ್ರಮವೇ ಸರಿ ಎಂದ ಆ ತಾಯಿಯ ಕಡೆ. ಮೊದಲು ಬಂದ ಆ ಪುಸ್ತಕದಲ್ಲಿ, ಹಿಮ ಬಿದ್ದ ಕಾಡಿನ ನಡುವೆ ಒಂದು ದೀಪದ ಕಂಬ ತನ್ನಷ್ಟಕ್ಕೆ ಉರಿಯುತ್ತಿದೆ. ಅದು ಅಲ್ಲಿಗೆ ಹೇಗೆ ಬಂತು ಎಂದು ಗೊತ್ತಿಲ್ಲದೆ ನೋಡಿದಾಗಿನ ಬೆರಗೇ ಬೇರೆ. ಉತ್ತರ ಮೊದಲು ತಿಳಿದುಬಿಟ್ಟರೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ. ಯಾವುದೇ ಸರಣಿಯನ್ನಾಗಲಿ ಮೊದಲ ಸಲ ಓದುವಾಗ ಪ್ರಕಟವಾದ ಕ್ರಮದಲ್ಲೇ ಓದಿ. ಕಾಲಕ್ರಮವನ್ನು ಎರಡನೇ ಓದಿಗೆ ಇಟ್ಟುಕೊಳ್ಳಿ.

ಮುನ್ನುಡಿ, ಇತಿಹಾಸ, ವಂಶಾವಳಿಗಳನ್ನು ಹಾರಿಸಲು ಹಿಂಜರಿಯಬೇಡಿ. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಶುರುವಾಗುವುದೇ ಹಾಬಿಟ್ ಎಂಬ ಕುಳ್ಳ ಜನರ ರೀತಿನೀತಿಗಳ ಬಗೆಗಿನ ಒಂದು ಉದ್ದನೆಯ ಪೀಠಿಕೆಯಿಂದ. ಮಕ್ಕಳ ಮುಂದೆ ನೇರವಾಗಿ ಮೊದಲ ಅಧ್ಯಾಯಕ್ಕೆ ಹೋಗಿ. ಕಥೆ ಹಿಡಿದ ಮೇಲೆ ಅವರೇ ಆ ಪುಟಗಳನ್ನು ಹುಡುಕಿಕೊಂಡು ಬರುತ್ತಾರೆ.

3. ದಿನದ ಲೆಕ್ಕ

ಗಟ್ಟಿಯಾಗಿ, ಅವಸರವಿಲ್ಲದೆ ಓದಿದರೆ ಇಂಗ್ಲಿಷಿನಲ್ಲಿ ನಿಮಿಷಕ್ಕೆ ಸುಮಾರು 150 ಪದ ಸಾಗುತ್ತದೆ. ಹ್ಯಾರಿ ಪಾಟರ್‌ನ ಮೊದಲ ಪುಸ್ತಕದಲ್ಲಿ ಸುಮಾರು 77 ಸಾವಿರ ಪದ, 17 ಅಧ್ಯಾಯ. ಅಂದರೆ ಒಟ್ಟು ಎಂಟೂವರೆ ಗಂಟೆ, ಅಧ್ಯಾಯಕ್ಕೆ ಅರ್ಧ ಗಂಟೆ. ವಾರಕ್ಕೆ ಐದು ರಾತ್ರಿ ಕೂತರೆ ತಿಂಗಳೊಳಗೆ ಮುಗಿಯುತ್ತದೆ. ಅದೇ ಸರಣಿಯ ಐದನೆಯದರಲ್ಲಿ 38 ಅಧ್ಯಾಯ, 2 ಲಕ್ಷ 57 ಸಾವಿರದಷ್ಟು ಪದ. ದಿನಕ್ಕೆ ಅರ್ಧ ಗಂಟೆಯಂತೆ 57 ರಾತ್ರಿ ಬೇಕು. ಶುರು ಮಾಡುವ ಮುನ್ನ ಈ ಲೆಕ್ಕವನ್ನು ಎಲ್ಲರ ಎದುರಿಗೇ ಹಾಕಿ. ಇಂಗ್ಲಿಷಿನಲ್ಲಿ ನೋಡಿ ಕನ್ನಡದಲ್ಲಿ ಹೇಳುತ್ತಾ ಹೋಗುವುದಾದರೆ ಅರ್ಧದಷ್ಟು ಸಮಯ ಮೇಲೆ ಸೇರಿಸಿ.

ವಾರಕ್ಕೆ ಏಳೂ ದಿನ ಎಂದು ಹಟ ಹಿಡಿಯಬೇಡಿ. ಪರೀಕ್ಷೆ, ಜ್ವರ, ಪ್ರಯಾಣ ಇದ್ದದ್ದೇ. ನಾಲ್ಕು ರಾತ್ರಿಗಳಾದರೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನಡೆದರೆ ಸಾಕು.

4. ಯಾರೂ ಮುಂದೆ ಓಡಬಾರದು

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಪಾಲಿಸುತ್ತೇವೆ ಎನ್ನುವುದಾದರೆ ಇದನ್ನು ಪಾಲಿಸಿ. ಎಲ್ಲರೂ ಒಂದೇ ಪುಟದಲ್ಲಿರಬೇಕು. ಓದು ಮುಗಿದ ಕೂಡಲೇ ಪುಸ್ತಕ ಎಲ್ಲರಿಗೂ ಕಾಣುವ ಜಾಗದಲ್ಲಿ ಇರಲಿ, ಬುಕ್‌ಮಾರ್ಕ್ ಹೊರಗೆ ಕಾಣುವಂತಿರಲಿ.

ಎರಡನೇ ಸಂಪುಟದ ನಡುವೆ ನನಗೊಂದು ಅನುಮಾನ ಬಂತು. ಕಥಾನಾಯಕಿ ಸುರಂಗದೊಳಗೆ ಇಳಿಯುತ್ತಿದ್ದಳು. ಮಗ ನನ್ನ ತೋಳು ಹಿಡಿದುಕೊಂಡಿದ್ದ, ಅವರಪ್ಪ ಎದ್ದು ಕೂತಿದ್ದರು. ಮಗಳು ಮಾತ್ರ ನನ್ನ ಕಡೆಯಾಗಲಿ ಪುಸ್ತಕದ ಕಡೆಯಾಗಲಿ ನೋಡುತ್ತಿರಲಿಲ್ಲ. ತಮ್ಮನ ಮುಖವನ್ನೇ ನೋಡುತ್ತಿದ್ದಳು. ಮುಂದೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು! ಮಧ್ಯಾಹ್ನಗಳಲ್ಲಿ ಆರು ಅಧ್ಯಾಯ ಮುಂದೆ ಓದಿಬಿಟ್ಟಿದ್ದಳು. ನಾನು ಗದರಲಿಲ್ಲ. ಪುಸ್ತಕ ಅಷ್ಟು ಸೆಳೆದಿದ್ದರೆ ಅದರಲ್ಲಿ ತಪ್ಪೇನಿದೆ? ಆ ಆರು ಅಧ್ಯಾಯಗಳನ್ನು ನಮಗೆಲ್ಲ ಅವಳೇ ಓದಿ ಹೇಳಬೇಕು, ಗುಟ್ಟು ಬಿಟ್ಟುಕೊಡಬಾರದು ಎಂದು ಮಾತಾಯಿತು. ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ತಡೆದು ನಿಲ್ಲಿಸಬೇಕು ಎಂದು ಅವಳು ಕಲಿತದ್ದು ಆ ಆರು ರಾತ್ರಿಗಳಲ್ಲಿ. ಈಗಲೂ ನಮ್ಮಲ್ಲಿ ಅದೇ ನಿಯಮ: ತಡೆಯಲಾಗದೆ ಮುಂದೆ ಓದಿದವರು ಒಪ್ಪಿಕೊಳ್ಳಬೇಕು, ಓದಿದಷ್ಟನ್ನು ಗಟ್ಟಿಯಾಗಿ ಓದಿ ಹೇಳಬೇಕು.

ಮೊದಲೇ ಓದಿರುವ ದೊಡ್ಡವರಿಗೂ ಕಟ್ಟುಪಾಡು ಬೇಕು. "ಅವನು ಸಾಯ್ತಾನಾ?" ಎಂದು ಮಗು ಕೇಳಿದರೆ "ನಿನಗೆ ಏನನ್ನಿಸುತ್ತೆ?" ಎಂದಷ್ಟೇ ಕೇಳಿ. "ಕಾದು ನೋಡು" ಎಂದು ಮುಗುಳ್ನಕ್ಕರೂ ಮಕ್ಕಳು ಉತ್ತರ ಹಿಡಿದುಬಿಡುತ್ತಾರೆ. ಪಾತ್ರದ ಹೆಸರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಬಾರದು ಎಂದೂ ಹೇಳಿಡಿ. ಹೆಸರು ಟೈಪ್ ಮಾಡುತ್ತಿದ್ದಂತೆಯೇ ಕೆಳಗೆ ಬರುವ ಸಲಹೆಗಳಲ್ಲಿ ಅದರ ಸಾವು, ಮದುವೆ, ದ್ರೋಹ ಎಲ್ಲವೂ ಬಯಲಾಗುತ್ತವೆ. ಮುಂದಿನ ಸಂಪುಟಗಳ ಹಿಂಬದಿಯ ರಕ್ಷಾಪುಟವೂ ಅಷ್ಟೇ ಅಪಾಯ. ಅವನ್ನು ಬೆನ್ನು ಮಾತ್ರ ಕಾಣುವಂತೆ ಕಪಾಟಿನಲ್ಲಿ ಜೋಡಿಸಿಡಿ.

5. ಗಟ್ಟಿಯಾಗಿ ಓದುವ ಬಗೆ

ನಿಮಗೆ ಸಾಕಷ್ಟು ನಿಧಾನ ಅನ್ನಿಸುವುದಕ್ಕಿಂತಲೂ ನಿಧಾನವಾಗಿ ಓದಿ. ಕೇಳುವವರು ಮನಸ್ಸಿನಲ್ಲಿ ಕೋಟೆ ಕಟ್ಟಬೇಕು, ಕುದುರೆ ಓಡಿಸಬೇಕು. ಅದಕ್ಕೆ ಹೊತ್ತು ಬೇಕು. ವರ್ಣನೆಯಲ್ಲಿ ಇನ್ನೂ ನಿಧಾನ, ಕಾಳಗದಲ್ಲಿ ಸ್ವಲ್ಪ ಬಿರುಸು.

ಪಾತ್ರಕ್ಕೊಂದು ದನಿ ಕೊಡಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಪೂರ್ತಿ ಅನುಕರಣೆ ಮಾಡುವ ಅಗತ್ಯವಿಲ್ಲ, ಒಂದು ಗುರುತು ಸಾಕು. ಒಬ್ಬ ಬಿಡಿಸಿ ಬಿಡಿಸಿ ಮಾತಾಡುತ್ತಾನೆ, ಒಬ್ಬಳು ಸರಸರ ಮುಗಿಸುತ್ತಾಳೆ, ಮುದುಕ ಮಾತಿಗೆ ಮುಂಚೆ ಉಸಿರೆಳೆದುಕೊಳ್ಳುತ್ತಾನೆ. ಈ ಗುರುತುಗಳನ್ನು ಒಂದು ಚೀಟಿಯಲ್ಲಿ ಬರೆದು ಪುಸ್ತಕದ ಕೊನೆಯಲ್ಲಿ ಇಟ್ಟುಕೊಳ್ಳಿ. ಮೊದಲ ಸಂಪುಟದಲ್ಲಿ ಎರಡೇ ಸಾಲು ಮಾತಾಡಿದ ದ್ವಾರಪಾಲಕನೊಬ್ಬನಿಗೆ ನಾನು ಒಡಕು ಗಂಟಲು ಕೊಟ್ಟಿದ್ದೆ. ಮೂರನೆಯದರಲ್ಲಿ ಅವನು ಪುಟಗಟ್ಟಲೆ ಮಾತಾಡಿದ, ಮಕ್ಕಳು ಆ ದನಿಯನ್ನು ಬದಲಿಸಲು ಬಿಡಲಿಲ್ಲ.

ಮಕ್ಕಳು ಎಷ್ಟು ಗಮನವಿಟ್ಟು ಕೇಳುತ್ತಾರೆಂಬುದಕ್ಕೆ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ ಅವರ ಮನೆಯ ಪ್ರಸಂಗವೇ ಸಾಕ್ಷಿ. 1937ರಲ್ಲಿ 'ದಿ ಹಾಬಿಟ್' ಅಚ್ಚಾಗುವುದಕ್ಕೂ ಮುಂಚೆ ಅವರು ಬಿಲ್ಬೋ ಎಂಬ ಹಾಬಿಟ್‌ನ ಆ ಕಥೆಯನ್ನು ತಮ್ಮ ಮಕ್ಕಳಿಗೆ ಹೇಳುತ್ತಿದ್ದರು. ಕಿರಿಯ ಮಗ ಕ್ರಿಸ್ಟೋಫರ್ ನಡುವೆ ತಡೆದು, ಹೋದ ಸಲ ಬಿಲ್ಬೋನ ಮನೆ ಬಾಗಿಲು ನೀಲಿ ಎಂದಿರಿ, ಈಗ ಹಸಿರು ಎನ್ನುತ್ತಿದ್ದೀರಿ ಎಂದು ಹಿಡಿದುಬಿಟ್ಟ. ತಂದೆ ಎದ್ದು ಹೋಗಿ ಅದನ್ನು ಗುರುತು ಹಾಕಿಕೊಂಡರು. ತಂದೆ ತೀರಿಕೊಂಡ ಮೇಲೆ ಅವರ ಅಪ್ರಕಟಿತ ಬರಹಗಳನ್ನು ಒಪ್ಪಗೊಳಿಸಿ 1977ರಲ್ಲಿ 'ದಿ ಸಿಲ್ಮರಿಲಿಯನ್' ಹೊರತಂದವನೂ ಅದೇ ಮಗ. ನಿಮ್ಮ ಮಗು ಹೀಗೆ ತಡೆದರೆ "ಸುಮ್ಮನೆ ಕೇಳು" ಎನ್ನಬೇಡಿ. ಹಿಂದಿನ ಪುಟ ತೆಗೆದು ಒಟ್ಟಿಗೆ ನೋಡಿ.

ದಿನವೂ ಶುರುವಿಗೆ ನಿನ್ನೆಯ ಕಥೆಯನ್ನು ಅತಿ ಚಿಕ್ಕವರು ಹೇಳಲಿ. ತಪ್ಪಿದರೂ ತಿದ್ದಬೇಡಿ, ದೊಡ್ಡ ಮಗು ಹೇಗೂ ತಿದ್ದುತ್ತದೆ. ಕೇಳುವವರ ಕೈಗಳಿಗೆ ಕೆಲಸವಿದ್ದರೆ ಒಳ್ಳೆಯದು: ಚಿತ್ರ ಬರೆಯಲಿ, ಬ್ಲಾಕ್ ಜೋಡಿಸಲಿ. ಕಣ್ಣು ಬೇರೆಡೆ ಇದ್ದರೂ ಕಿವಿ ಇಲ್ಲೇ ಇರುತ್ತದೆ. ನಡುನಡುವೆ ಹೂಂಗುಟ್ಟುತ್ತಿದ್ದರೆ ಕಥೆ ತಲುಪುತ್ತಿದೆ ಎಂದೇ ಅರ್ಥ. ಆ 'ಹ್ಞೂಂ' ಕ್ಷೀಣವಾಗುತ್ತಾ ಹೋದಾಗ ಪುಸ್ತಕ ಮುಚ್ಚಿ.

6. ಇಂಗ್ಲಿಷಿನ ಪುಸ್ತಕ, ಕನ್ನಡದ ಕಿವಿ

ದೊಡ್ಡ ಫ್ಯಾಂಟಸಿ ಸರಣಿಗಳು ಬಹುಪಾಲು ಇಂಗ್ಲಿಷಿನಲ್ಲೇ ಕೈಗೆ ಸಿಗುವುದರಿಂದ ಅನೇಕ ಮನೆಗಳಲ್ಲಿ ಒಬ್ಬರು ಇಂಗ್ಲಿಷಿನಲ್ಲಿ ನೋಡುತ್ತಾ ಕನ್ನಡದಲ್ಲಿ ಹೇಳುತ್ತಾರೆ. ನಾವೂ ಅರ್ಧ ಹಾಗೆಯೇ. ಈ ಕೆಲಸ ನನಗೆ ಬಹಳ ಇಷ್ಟ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಕಣ್ಣು ಬಾಯಿಗಿಂತ ಒಂದು ವಾಕ್ಯ ಮುಂದಿರಬೇಕು. ಇಂಗ್ಲಿಷಿನಲ್ಲಿ ಕ್ರಿಯೆ ಮೊದಲೇ ಬಂದು ವಿವರಗಳು ಹಿಂದೆ ಬಾಲದಂತೆ ಬರುತ್ತವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಪದ ಪದ ಹಿಡಿದು ಹೊರಟರೆ ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತೀರಿ. ವಾಕ್ಯವನ್ನು ಪೂರ್ತಿ ನುಂಗಿ, ಆಮೇಲೆ ಎರಡು ಮೂರು ಚಿಕ್ಕ ವಾಕ್ಯಗಳಾಗಿ ಬಿಡಿಸಿ ಹೇಳಿ. ಜನರ, ಊರುಗಳ ಹೆಸರುಗಳನ್ನು ಹಾಗೆಯೇ ಇಡಿ. ಮಂತ್ರಗಳನ್ನೂ ಇಡಿ, ಅವುಗಳ ಸದ್ದಿನಲ್ಲೇ ಶಕ್ತಿಯಿರುತ್ತದೆ. ಆಯುಧ, ಪ್ರಾಣಿ, ಹುದ್ದೆಗಳಿಗೆ ಕನ್ನಡದ ಮಾತು ಹೊಳೆದರೆ ಬಳಸಿ, ಒಮ್ಮೆ ಬಳಸಿದ ಮೇಲೆ ಬದಲಿಸಬೇಡಿ.

ಇನ್ನು 'ಯು' ಎಂಬ ಒಂದೇ ಪದದ ಸಂಗತಿ. ಇಂಗ್ಲಿಷಿನಲ್ಲಿ ರಾಜನೂ ಅದೇ, ಕಳ್ಳನೂ ಅದೇ. ನಾವು ಬಾಯಿ ತೆರೆದ ಕೂಡಲೇ ನೀನೋ ನೀವೋ ಎಂದು ತೀರ್ಮಾನಿಸಬೇಕು. ನಾವು ಓದಿದ ಒಂದು ಸರಣಿಯಲ್ಲಿ ರಾಜಕುಮಾರನೊಬ್ಬ ವೇಷ ಮರೆಸಿಕೊಂಡು ಗೆಳೆಯರ ಜೊತೆ ಅಲೆಯುತ್ತಾನೆ. ನೂರಾರು ಪುಟ ಎಲ್ಲರೂ ಅವನಿಗೆ "ನೀನು" ಎನ್ನುತ್ತಿದ್ದರು, ಅಂದರೆ ನಾನು ಹಾಗೆ ಅನ್ನಿಸುತ್ತಿದ್ದೆ. ಅವನು ಯಾರೆಂದು ಬಯಲಾದ ರಾತ್ರಿ ನಾನು ನಿಂತುಬಿಟ್ಟೆ. ಈಗ ಗೆಳೆಯರು ಏನೆಂದು ಕರೆಯಬೇಕು? "ಫ್ರೆಂಡ್ ಫ್ರೆಂಡೇ, ನೀನು ಅಂತಲೇ ಅನ್ನಬೇಕು" ಎಂದ ಮಗ. "ಆಸ್ಥಾನದಲ್ಲಿ ನೀವು, ಬೆಂಕಿ ಮುಂದೆ ಕೂತಾಗ ನೀನು" ಎಂದಳು ಮಗಳು. ಅವಳ ಮಾತೇ ನಿಂತಿತು. ಆಮೇಲೆ ಒಂದು ಸಲ, ಇಬ್ಬರೇ ಇದ್ದಾಗಲೂ, ಗೆಳೆಯನೊಬ್ಬ ಅವನಿಗೆ "ನೀವು" ಎನ್ನುವಂತೆ ನಾನು ಹೇಳಿದೆ. "ಅಯ್ಯೋ, ಇವನಿಗೆ ಕೋಪ ಬಂದಿದೆ" ಎಂದು ಮಕ್ಕಳಿಬ್ಬರೂ ಒಟ್ಟಿಗೆ ಹೇಳಿದರು. ಇಂಗ್ಲಿಷ್ ಪುಟದಲ್ಲಿ ಆ ಕೋಪ ಬೇರೆಲ್ಲೋ ಇತ್ತು, ಕನ್ನಡದಲ್ಲಿ ಅದು ಒಂದು ಅಕ್ಷರದೊಳಗೆ ಬಂದು ಕೂತಿತ್ತು.

'ಹಿ' ಎನ್ನುವುದನ್ನು ಇನ್ನೂ ಜೋಪಾನವಾಗಿ ಹೇಳಬೇಕು. ಒಳ್ಳೆಯವರೋ ಕೆಟ್ಟವರೋ ಎಂದು ಇನ್ನೂ ತಿಳಿಯದ ಗುರುವೊಬ್ಬರು ಬಂದರೆನ್ನಿ. ನೀವು "ಅವನು" ಎಂದಿರೋ, ಖಳನಾಯಕ ಯಾರೆಂದು ಮೊದಲ ದಿನವೇ ಹೇಳಿದಂತಾಯಿತು. ಕಥೆ ತಾನೇ ಬಿಟ್ಟುಕೊಡುವವರೆಗೆ "ಅವರು" ಎಂದೇ ನಡೆಸಿ. ಮಾತಾಡುವ ಡ್ರ್ಯಾಗನ್‌ಗೆ "ಅದು" ಎನ್ನಬೇಕೋ "ಅವನು" ಎನ್ನಬೇಕೋ ಎಂಬುದನ್ನು ಮಕ್ಕಳಿಗೇ ಬಿಡಿ. ನಮ್ಮಲ್ಲಿ ಡ್ರ್ಯಾಗನ್ ಬಾಯಿ ತೆರೆದು ಮೊದಲ ಮಾತಾಡಿದ ಕ್ಷಣದಿಂದ "ಅವನು" ಆಯಿತು.

7. ನಕ್ಷೆ ಮತ್ತು ಪಾತ್ರಗಳ ಪಟ್ಟಿ

ಪುಸ್ತಕದ ನಕ್ಷೆಯನ್ನು ದೊಡ್ಡ ಹಾಳೆಯ ಮೇಲೆ ಕೈಯಿಂದ ಬರೆದು ಗೋಡೆಗೆ ಅಂಟಿಸಿ. ಕಥೆ ಇನ್ನೂ ಮುಟ್ಟದ ಜಾಗಗಳನ್ನು ಖಾಲಿ ಬಿಡಿ, ಪಾತ್ರಗಳು ಅಲ್ಲಿಗೆ ಹೋದ ದಿನ ತುಂಬಿಸಿ. ಪಾತ್ರಗಳ ಪಟ್ಟಿಯನ್ನು ಅಚ್ಚಾದ ಪುಸ್ತಕದಿಂದಾಗಲಿ ಇಂಟರ್‌ನೆಟ್ಟಿನಿಂದಾಗಲಿ ತೆಗೆದುಕೊಳ್ಳಬೇಡಿ, ನೀವೇ ಬರೆಯಿರಿ. ಹೆಸರಿನ ಮುಂದೆ ಒಂದು ಸಾಲು ಸಾಕು.

8. ಭಯ ಮತ್ತು ಸಾವು

ಒಳ್ಳೆಯ ಫ್ಯಾಂಟಸಿಯಲ್ಲಿ ಸಾವು ಬಂದೇ ಬರುತ್ತದೆ. ಯಾವ ಪುಸ್ತಕ, ಯಾವ ಪಾತ್ರ ಎಂದು ನಾನಿಲ್ಲಿ ಹೇಳುವುದಿಲ್ಲ, ನೀವಿನ್ನೂ ಓದಿಲ್ಲದಿರಬಹುದು. ನಮ್ಮ ಮಗ ತುಂಬಾ ಹಚ್ಚಿಕೊಂಡಿದ್ದ ಒಬ್ಬ ವೃದ್ಧ, ಕಥೆಯ ಮಕ್ಕಳಿಗೆಲ್ಲ ದಾರಿ ತೋರಿಸಿದವನು, ಒಂದು ರಾತ್ರಿ ಸತ್ತ. ನಾನು ವಾಕ್ಯ ಮುಗಿಸಿದೆ. ಮಗ ಕೈ ಚಾಚಿ ನನ್ನ ಕೈಯಲ್ಲಿದ್ದ ಪುಸ್ತಕವನ್ನು ಮೆಲ್ಲಗೆ ಮುಚ್ಚಿದ. ನನ್ನ ಬೆರಳು ಒಳಗೇ ಇತ್ತು. ಯಾರೂ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ "ಅವರ ಕೋಲು ಈಗ ಯಾರ ಹತ್ರ ಇರುತ್ತೆ?" ಎಂದು ಕೇಳಿದ. ಗೊತ್ತಿಲ್ಲವೆಂದೆ. ಎಂಟು ದಿನ ಆ ಪುಸ್ತಕವನ್ನು ತೆಗೆಯಲಿಲ್ಲ. ಒಂಬತ್ತನೆಯ ದಿನ ಅವನೇ ತಂದು ನನ್ನ ತೊಡೆಯ ಮೇಲಿಟ್ಟ.

ಇಂಥ ಅಧ್ಯಾಯ ಬರುತ್ತಿದೆಯೆಂದು ನಿಮಗೆ ಗೊತ್ತಿದ್ದರೆ ಅದನ್ನು ಮಲಗುವ ಹೊತ್ತಿಗೆ ಇಟ್ಟುಕೊಳ್ಳಬೇಡಿ, ರಜೆಯ ದಿನ ಬೆಳಕಿನಲ್ಲಿ ಓದಿ. ಸಾವನ್ನು ಹಾರಿಸಿ ಓದಬೇಡಿ, ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿರುತ್ತದೆ. ಕ್ರೌರ್ಯದ ವಿವರಗಳನ್ನು ಮಾತ್ರ ಮೊಟಕು ಮಾಡಬಹುದು. ಅಳುವ ಮಗುವಿಗೆ "ಇದು ಬರೀ ಕಥೆ" ಎನ್ನಬೇಡಿ. ಇಷ್ಟು ದಿನ ಅದು ನಿಜವೆಂಬಂತೆ ಓದಿದವರು ನಾವೇ ಅಲ್ಲವೇ?

9. ಸಿನಿಮಾ, ಆಡಿಯೊಬುಕ್

ಪುಸ್ತಕ ಮುಗಿಯದೆ ಅದರ ಸಿನಿಮಾ ನೋಡಬೇಡಿ. ಒಮ್ಮೆ ನಟರ ಮುಖ ಕಂಡರೆ ಮಗು ತಾನೇ ಕಟ್ಟಿಕೊಂಡಿದ್ದ ಮುಖ ಅಳಿಸಿಹೋಗುತ್ತದೆ. ಓದಿದ ಮೇಲೆ ನೋಡುವಾಗ ಏನೇನು ಬಿಟ್ಟಿದ್ದಾರೆಂದು ಹುಡುಕಿ. ಹ್ಯಾರಿ ಪಾಟರ್‌ನ ಏಳು ಪುಸ್ತಕಗಳು 2001ರಿಂದ 2011ರವರೆಗೆ ಎಂಟು ಸಿನಿಮಾಗಳಾದವು. ಪುಸ್ತಕದಲ್ಲಿ ಶಾಲೆಯನ್ನೆಲ್ಲ ಗೋಳುಹೊಯ್ದುಕೊಳ್ಳುವ ಪೀವ್ಸ್ ಎಂಬ ತುಂಟ ಭೂತ ಎಂಟರಲ್ಲಿ ಒಂದರಲ್ಲೂ ಇಲ್ಲ. ಹೀಗೇಕೆ ಮಾಡಿದರು ಎಂಬ ಚರ್ಚೆಗೆ ಒಂದು ಇಡೀ ಸಂಜೆ ಬೇಕು. ಆಡಿಯೊಬುಕ್ ಉದ್ದನೆಯ ಪ್ರಯಾಣಕ್ಕೆ, ಓದುವವರ ಗಂಟಲು ಕೆಟ್ಟ ದಿನಗಳಿಗೆ ಒಳ್ಳೆಯದು. ಆಗಲೂ ಎಲ್ಲರೂ ಒಂದೇ ಸ್ಪೀಕರ್‌ನಲ್ಲಿ ಕೇಳಿ, ಒಬ್ಬೊಬ್ಬರೂ ಇಯರ್‌ಫೋನ್ ಹಾಕಿಕೊಂಡರೆ ಪ್ರಯೋಜನವಿಲ್ಲ.

10. ದೂರ ಸರಿಯುವವರು, ದೂರ ಇರುವವರು

ಹದಿಹರೆಯದವರು ಒಂದು ದಿನ "ನಾನು ಬರಲ್ಲ" ಎಂದರೆ ಬಲವಂತ ಬೇಡ. ಬಾಗಿಲು ತೆರೆದಿಟ್ಟು ಓದಿ. ನಮ್ಮ ಮಗಳು ಒಂದು ತಿಂಗಳು ಪಕ್ಕದ ಕೋಣೆಯಲ್ಲೇ ಇದ್ದಳು. ನಾನು ಒಂದು ಹೆಸರನ್ನು ತಪ್ಪಾಗಿ ಉಚ್ಚರಿಸಿದಾಗ ಅಲ್ಲಿಂದಲೇ ತಿದ್ದಿದಳು! ದೂರದೂರಿನಲ್ಲಿರುವ ಅಜ್ಜ ಅಜ್ಜಿಗೆ ಅದೇ ಪುಸ್ತಕದ ಇನ್ನೊಂದು ಪ್ರತಿ ಕೊಟ್ಟು ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಒಂದು ಅಧ್ಯಾಯ ಅವರಿಂದ ಓದಿಸಿ. ಅವರಪ್ಪ ಕೆಲಸದ ಮೇಲೆ ಹೊರಗೆ ಹೋದಾಗ ನಾನು ಓದುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೇನೆ, ಮಕ್ಕಳ ಹ್ಞೂಂಕಾರವೂ ಅದರಲ್ಲಿ ಸೇರಿರುತ್ತದೆ.

11. ಕೊನೆಯ ಸಂಪುಟ

ಕೊನೆಯ ಮೂರು ನಾಲ್ಕು ಅಧ್ಯಾಯಗಳನ್ನು ದಿನಕ್ಕೊಂದರಂತೆ ಎಳೆಯಬೇಡಿ. ಒಂದು ರಜಾದಿನವನ್ನು ಅದಕ್ಕೇ ಎತ್ತಿಡಿ, ಎಲ್ಲರೂ ಸರದಿಯಲ್ಲಿ ಓದಿ. ಮುಗಿದ ಕೂಡಲೇ ಇನ್ನೊಂದು ಸರಣಿ ಶುರು ಮಾಡಬೇಡಿ. ಒಂದೆರಡು ವಾರ ಹಾಗೇ ಇರಲಿ.

ಆದರೆ ಅದೇ ರಾತ್ರಿ ಮೊದಲ ಸಂಪುಟ ತೆಗೆದು ಮೊದಲ ಅಧ್ಯಾಯವನ್ನು ಇನ್ನೊಮ್ಮೆ ಓದಿ. ನಾವು ಹಾಗೆ ಮಾಡಿದಾಗ ಪುಸ್ತಕ ಹಿಡಿದದ್ದು ಮಗ. ಶುರು ಮಾಡಿದ ವರ್ಷ ಅವನಿಗೆ ಅಕ್ಷರ ಕೂಡಿಸುವುದಷ್ಟೇ ಗೊತ್ತಿತ್ತು. ಈಗ ಬೆರಳಿಟ್ಟುಕೊಂಡು, ದ್ವಾರಪಾಲಕನಿಗೆ ಅದೇ ಒಡಕು ದನಿ ಕೊಟ್ಟು ಓದಿದ. ಎರಡನೇ ಪುಟದಲ್ಲಿ ಥಟ್ಟನೆ ನಿಂತ. ಹಿಂದಿನ ಸಾಲಿಗೆ ಹೋಗಿ ಇನ್ನೊಮ್ಮೆ ಓದಿಕೊಂಡ. "ಅಮ್ಮಾ, ಇದನ್ನ ಇಲ್ಲೇ ಹೇಳ್ಬಿಟ್ಟಿದ್ರಲ್ಲ! ನಾವ್ಯಾರೂ ನೋಡೇ ಇಲ್ಲ!" ಎಂದ. ಮಗಳು ಹೊದಿಕೆ ಸರಿಸಿ ಎದ್ದು ಬಂದು, "ಎಲ್ಲಿ, ತೋರಿಸು" ಎಂದು ಅವನ ಪಕ್ಕ ಕೂತಳು.